ತಿಳೀತ್ರೀ ಸರ!

ಧಾರವಾಡ ಸೀಮೆಯ ಯಾವುದೇ ಪ್ರೌಢಶಾಲೆಯ ಕಿಟಕಿಯ ಪಕ್ಕ ಹಾದುಹೋದರೂ ಒಂದು ಸಂವಾದ ಕಿವಿಗೆ ಬಿದ್ದೇ ಬೀಳುತ್ತದೆ. ಮಾಸ್ತರರು “ತಿಳೀತಲ್ಲಾ?” ಎಂದು ಕೇಳುತ್ತಾರೆ, ಇಡೀ ತರಗತಿ “ತಿಳೀತ್ರೀ ಸರ!” ಎಂದು ಒಕ್ಕೊರಲಿನಿಂದ ಕೂಗುತ್ತದೆ. ಆ ಕೂಗಿನಲ್ಲಿ ತಿಳಿದವರ ದನಿ ಎಷ್ಟು, ತಿಳಿಯದವರದು ಎಷ್ಟು, ಗಂಟೆ ಬಾರಿಸುವುದನ್ನೇ ಕಾಯುತ್ತ ಕುಳಿತವರದು ಎಷ್ಟು ಎಂದು ಬೇರ್ಪಡಿಸುವುದು, ಬ್ಯಾಡಗಿ ಮಾರುಕಟ್ಟೆಯಲ್ಲಿ ರಾಶಿ ಬಿದ್ದ ಮೆಣಸಿನಕಾಯಿಯಲ್ಲಿ ಯಾವುದು ಯಾರ ಹೊಲದ್ದೆಂದು ಹೇಳಿದಷ್ಟೇ ಕಷ್ಟ. ಶಿಕ್ಷಕರಿಗಾಗಿ ಬಂದಿರುವ ಆನ್‌ಲೈನ್ ಸಾಧನಗಳನ್ನು ನಾನು ಅಳೆಯುವುದು ಈ ಕೂಗಿನ ಎದುರು ನಿಲ್ಲಿಸಿಯೇ.

ಗಣಿತ, ವಿಜ್ಞಾನ ಕಲಿಸುವವರಿಗೆ ಜಿಯೋಜೀಬ್ರಾ ಒಂದು ವರವೆಂಬುದರಲ್ಲಿ ಅನುಮಾನವಿಲ್ಲ. ಆಸ್ಟ್ರಿಯಾದ ಮಾರ್ಕುಸ್ ಹೊಹೆನ್‌ವಾರ್ಟರ್ 2001ರಲ್ಲಿ ತಮ್ಮ ಸ್ನಾತಕೋತ್ತರ ಅಧ್ಯಯನಕ್ಕಾಗಿ ಆರಂಭಿಸಿದ ಈ ತಂತ್ರಾಂಶದಲ್ಲಿ ಅರ್ಧವೃತ್ತದ ಮೇಲಿನ ಬಿಂದುವನ್ನು ಎತ್ತ ಎಳೆದರೂ ಅಲ್ಲಿನ ಕೋನ 90 ಡಿಗ್ರಿಯಿಂದ ಕದಲುವುದಿಲ್ಲ. ಹಲಗೆಯ ಮೇಲೆ ಹತ್ತು ಚಿತ್ರ ಬರೆದರೂ ಹುಟ್ಟದ ನಂಬಿಕೆ ಆ ಒಂದು ಎಳೆತದಲ್ಲಿ ಹುಟ್ಟುತ್ತದೆ. ಆದರೆ ಪರದೆ ಆರಿದ ಮೇಲೆ ಮತ್ತೆ ಅದೇ ಪ್ರಶ್ನೆ, ಮತ್ತೆ ಅದೇ “ತಿಳೀತ್ರೀ ಸರ!” 2017ರಲ್ಲಿ ಬಂದ ಸರ್ಕಾರಿ ಕಲಿಕಾ ಜಾಲತಾಣ ದೀಕ್ಷಾ, ಪಠ್ಯಪುಸ್ತಕದ ಕ್ಯೂಆರ್ ಕೋಡಿನ ಮೂಲಕ ಪಾಠವನ್ನು ಮನೆಗೆ ತಲುಪಿಸುತ್ತದೆ, ಅದು ಸಂಜೆ ಅಪ್ಪ ಹೊಲದಿಂದ ಬಂದು, ಮೊಬೈಲ್ ಕೈಗೆ ಸಿಕ್ಕ ಮೇಲಿನ ಮಾತು. ನಾರ್ವೆಯ ಕಹೂಟ್ ರಸಪ್ರಶ್ನೆ ಬಲು ಮಜವಾಗಿದ್ದರೂ ಅದರ ಸೊಗಸೆಲ್ಲ ಪ್ರತಿ ಮಗುವಿನ ಕೈಯಲ್ಲೂ ಒಂದು ಸಾಧನವಿದೆ ಎಂಬ ಊಹೆಯ ಮೇಲೆ ನಿಂತಿದೆ.

ನನ್ನ ಮನಸ್ಸು ಗೆದ್ದದ್ದು ಪ್ಲಿಕರ್ಸ್. ಇದಕ್ಕೆ ಬೇಕಾದುದು ಶಿಕ್ಷಕರ ಬಳಿ ಒಂದು ಮೊಬೈಲ್, ಮಕ್ಕಳ ಕೈಯಲ್ಲಿ ಒಂದೊಂದು ಕಾಗದದ ಚೀಟಿ. ಚೀಟಿಯ ಮೇಲೆ ಕಪ್ಪು ಚೌಕಗಳಿಂದಾದ ಒಂದು ಆಕೃತಿ, ಅದರ ನಾಲ್ಕು ಬದಿಗಳಲ್ಲಿ ಎ, ಬಿ, ಸಿ, ಡಿ ಎಂಬ ಸಣ್ಣ ಅಕ್ಷರಗಳು. ತನ್ನ ಉತ್ತರದ ಬದಿ ಮೇಲೆ ಬರುವಂತೆ ಮಗು ಚೀಟಿಯನ್ನು ಎತ್ತಿ ಹಿಡಿದರೆ, ಶಿಕ್ಷಕರು ಕ್ಯಾಮೆರಾವನ್ನು ತರಗತಿಯ ಈ ತುದಿಯಿಂದ ಆ ತುದಿಗೆ ಆಡಿಸುವಷ್ಟರಲ್ಲಿ ಪ್ರತಿಯೊಬ್ಬರ ಹೆಸರೂ ಉತ್ತರವೂ ಪರದೆಯಲ್ಲಿ ಮೂಡುತ್ತವೆ, ಸರಿಯಾದದ್ದು ಹಸಿರಿನಲ್ಲಿ, ಉಳಿದದ್ದು ಕೆಂಪಿನಲ್ಲಿ. ಒಬ್ಬರ ಆಕೃತಿ ಇನ್ನೊಬ್ಬರದರಂತಿಲ್ಲ. ಆದ್ದರಿಂದ ಜಾಣ ಗೆಳೆಯನ ಚೀಟಿಯನ್ನು ಓರೆಗಣ್ಣಿನಿಂದ ನೋಡಿ ಪ್ರಯೋಜನವಿಲ್ಲ. ನಾವು ಚೀಟಿಗಳನ್ನು ಹಳೆಯ ಲಗ್ನಪತ್ರಿಕೆಗಳ ಬೆನ್ನಿಗೆ ಅಂಟಿಸಿಕೊಂಡಿದ್ದೇವೆ. ಹೊಳೆಯುವ ಪ್ಲಾಸ್ಟಿಕ್ ಹೊದಿಸಿದರೆ ಬೆಳಕು ಪ್ರತಿಫಲಿಸಿ ಕ್ಯಾಮೆರಾ ಕಕ್ಕಾಬಿಕ್ಕಿಯಾಗುತ್ತದೆ.

ಇದರ ನಿಜವಾದ ರುಚಿ ತಿಳಿಯುವುದು ಹತ್ತನೆಯ ತರಗತಿಯ ವಿದ್ಯುಚ್ಛಕ್ತಿ ಪಾಠದಲ್ಲಿ. ಸರಣಿಯಲ್ಲಿ ಜೋಡಿಸಿದ ಎರಡು ಬಲ್ಬುಗಳ ಪೈಕಿ ಯಾವುದರಲ್ಲಿ ಹೆಚ್ಚು ವಿದ್ಯುತ್ ಪ್ರವಹಿಸುತ್ತದೆ ಎಂದು ಕೇಳಿದರೆ, ಬಾಯಿಪಾಠದಲ್ಲಿ ಓಮ್‌ನ ನಿಯಮವನ್ನು ತಪ್ಪಿಲ್ಲದೆ ಒಪ್ಪಿಸುವವರೂ ಮೊದಲನೆಯದರಲ್ಲಿ ಎಂಬ ಬದಿಯನ್ನು ಎತ್ತುತ್ತಾರೆ. ಮೊದಲ ಬಲ್ಬು ಒಂದಿಷ್ಟು ಕರೆಂಟನ್ನು ತಿಂದು ಉಳಿದದ್ದನ್ನು ಮುಂದಕ್ಕೆ ಕಳಿಸುತ್ತದೆ ಎಂಬುದು ಅವರ ಒಳಗಿನ ಲೆಕ್ಕಾಚಾರ. ಇದು ಕೂಗಿನಲ್ಲಿ ಎಂದೂ ಕೇಳಿಸುವಂಥದ್ದಲ್ಲ. ಆಗ ಪರದೆಯ ಮೇಲೆಯೇ ಪ್ರಯೋಗ ಮಾಡಿಸುವ ಫೆಟ್ ತೆರೆಯಬೇಕು. ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಆರಂಭಿಸಿದ ಈ ಯೋಜನೆಯ ವಿದ್ಯುನ್ಮಂಡಲದಲ್ಲಿ ಎರಡೂ ಬಲ್ಬುಗಳ ಪಕ್ಕ ಅಮ್ಮೀಟರ್ ಇಟ್ಟು ಒಂದೇ ಅಂಕಿ ಕಂಡಾಗ ತರಗತಿಯಲ್ಲಿ ಜಗಳ ಹತ್ತುತ್ತದೆ. ಯಂತ್ರವೇ ಸುಳ್ಳು ಹೇಳುತ್ತದೆ ಎನ್ನುವ ಪಕ್ಷವೂ ಇರುತ್ತದೆ. ಕಲಿಕೆ ನಡೆಯುತ್ತಿದೆಯೆಂದು ನನಗೆ ಖಾತ್ರಿಯಾಗುವುದು ಅಂಥ ಗದ್ದಲದಲ್ಲಿಯೇ.

ಒಮ್ಮೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, “ಸರ, ಗೊತ್ತಿಲ್ಲ ಅನ್ನೋರು ಯಾವ ಬದಿ ಎತ್ತಬೇಕ್ರಿ?” ಎಂದು ಕೇಳಿದಳು. ಅಂದಿನಿಂದ ಡಿ ಬದಿ ಅದಕ್ಕೇ ಮೀಸಲು. ಮೊದಮೊದಲು ಅದನ್ನು ಎತ್ತಲು ಎಲ್ಲರಿಗೂ ಸಂಕೋಚವಿತ್ತು. ಪಕ್ಕದವರಿಗೆ ಗೊತ್ತಾಗುವುದಿಲ್ಲವೆಂಬ ಧೈರ್ಯ ಬಂದಂತೆ ವಾರದಿಂದ ವಾರಕ್ಕೆ ಅದು ಹೆಚ್ಚುತ್ತಿದೆ. ಮುಖ್ಯೋಪಾಧ್ಯಾಯರು ನನ್ನ ಮೊಬೈಲನ್ನು ಇಣುಕಿ ನೋಡಿ, “ಏನ್ರೀ, ಕೆಂಪು ಭಾಳ ಆಗೇತಲ್ಲ?” ಎಂದಾಗ, ಅದನ್ನೇ ಪ್ರಗತಿಯೆಂದು ಅವರಿಗೆ ಒಪ್ಪಿಸುವುದಕ್ಕೆ ಮಾತ್ರ ಯಾವ ಸಾಧನವೂ ಇನ್ನೂ ಬಂದಿಲ್ಲ.