ರಿಯಾಯಿತಿಯ ಲೆಕ್ಕ ಸ್ವಲ್ಪ ನೋಡಿ

ಕಡಿಮೆ ಬಂಡವಾಳದಲ್ಲಿ ಸಣ್ಣ ವ್ಯಾಪಾರ ಶುರು ಮಾಡುವುದು ಹೇಗೆ ಎಂಬ ಲೇಖನ ಓದಿದೆ, ಚೆನ್ನಾಗಿದೆ. ಆದರೆ ‘ಮೊದಮೊದಲು ಬೆಲೆ ಇಳಿಸಿ ಗಿರಾಕಿಗಳನ್ನು ಸೆಳೆಯಿರಿ’ ಎಂಬ ಸಲಹೆಗೆ ನನ್ನ ತಕರಾರಿದೆ. ಕೈಯಲ್ಲಿ ದುಡ್ಡು ಕಮ್ಮಿ ಇರುವವರಿಗೆ ಇದೇ ದುಬಾರಿ ದಾರಿ. ಲೆಕ್ಕ ಹಾಕಿ: 100ಕ್ಕೆ ಮಾರುವ ವಸ್ತುವಿಗೆ 70 ಖರ್ಚಾದರೆ ಉಳಿಯುವುದು 30. ಶೇ 10ರಷ್ಟು ರಿಯಾಯಿತಿ ಕೊಟ್ಟಿರೋ, ಉಳಿಯುವುದು 20. ಮೊದಲಿನಷ್ಟೇ ಹಣ ಕೈಸೇರಬೇಕಾದರೆ ಈಗ ಒಂದೂವರೆ ಪಟ್ಟು ಮಾರಬೇಕು. ಅಷ್ಟು ಸರಕು ತರಿಸಲು ಮತ್ತೆ ಬಂಡವಾಳ ಬೇಕು, ಅದೇ ಇಲ್ಲವಲ್ಲ! ಮೇಲಾಗಿ ಕಡಿಮೆ ಬೆಲೆಗೆಂದೇ ಬಂದವರು ಬೆಲೆ ಏರಿದ ದಿನವೇ ಬೇರೆ ಕಡೆ ಹೋಗುತ್ತಾರೆ.

ಉದ್ರಿ ವ್ಯಾಪಾರದ ಬಗ್ಗೆಯೂ ಲೇಖಕರು ಒಂದು ಮಾತು ಹೇಳಬೇಕಿತ್ತು. ಲೆಕ್ಕದ ಪುಸ್ತಕದಲ್ಲಿ ಲಾಭ ಕಾಣುತ್ತಿದ್ದರೂ ಕೈಯಲ್ಲಿ ನಗದಿಲ್ಲದೆ ಬಾಗಿಲು ಮುಚ್ಚುವ ವ್ಯಾಪಾರಗಳುಂಟು. ಸರಕು ಕೊಟ್ಟವರಿಗೆ ವಾರದೊಳಗೆ ಹಣ ಕೊಡಬೇಕು, ಕೊಂಡವರು ಎರಡು ತಿಂಗಳಿಗೆ ಕೊಡುತ್ತಾರೆ ಎಂದರೆ ನಡುವಿನ ಅಷ್ಟೂ ದಿನ ನೀವೇ ಅವರಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟಂತಾಯಿತು. ಆರ್ಡರ್ ಮೇಲೆ ಮಾಡಿಕೊಡುವ ಕೆಲಸವಾದರೆ ಅರ್ಧ ಹಣ ಮುಂಗಡ ಕೇಳಿ. ಸಂಕೋಚ ಬೇಡ, ನಿಜವಾಗಿ ಬೇಕಾದವರು ಕೊಡುತ್ತಾರೆ. ಕೊಡದವರ ಬಗ್ಗೆ ಆಗಲೇ ಒಂದು ಅಂದಾಜು ಸಿಕ್ಕಿತಲ್ಲ.

ಮನೆಯ ದುಡ್ಡು, ವ್ಯಾಪಾರದ ದುಡ್ಡು ಬೇರೆ ಬೇರೆ ಖಾತೆಯಲ್ಲಿರಲಿ ಎಂದಿದ್ದು ಸರಿ. ಯಂತ್ರವನ್ನು ಮೊದಲು ಬಾಡಿಗೆಗೆ ತನ್ನಿ ಎಂದಿದ್ದೂ ಒಪ್ಪುವಂಥದ್ದೇ. ಆದರೆ ಲೋಗೊ, ವಿಸಿಟಿಂಗ್ ಕಾರ್ಡಿಗೆ ಲೇಖನದಲ್ಲಿ ಅಷ್ಟೊಂದು ಜಾಗ ಯಾಕೋ ಗೊತ್ತಾಗಲಿಲ್ಲ. ಗುರುತು ಪರಿಚಯ ಇಲ್ಲದ ಒಂದಷ್ಟು ಜನ ದುಡ್ಡು ಕೊಟ್ಟು ಕೊಂಡ ಮೇಲೆ ಅವನ್ನೆಲ್ಲ ಮಾಡಿಸಿದರೆ ಸಾಕು.