ಆ ಕಿಟಕಿ ಒಂದು ತೆಗೀರಪ್ಪ

ಈಗಷ್ಟೇ ಮನೆಗೆ ಬಂದೆ. ತಲೆ ಇನ್ನೂ ಕಾದಿದೆ. ತಣ್ಣಗಾದ ಮೇಲೆ ಕೂತರೆ ಎಲ್ಲಿ ಮರ್ಯಾದೆಯಾಗಿ ಬರೆದುಬಿಡ್ತೀನೋ ಅಂತ ಈಗಲೇ ಬರೆಯುತ್ತಿದ್ದೇನೆ.

ಇದು 2021, ಕೊರೊನಾ ಕಾಲ. ಅಪ್ಪನ ಒಂದು ಕಾಗದಕ್ಕೆ ಸೀಲು ಹಾಕಿಸಬೇಕಿತ್ತು. ಕಚೇರಿ ಯಾವುದು ಅಂತ ಹೇಳಲ್ಲ. ಹೇಳಿ ಪ್ರಯೋಜನವೂ ಇಲ್ಲ, ಎಲ್ಲ ಕಡೆ ಇದೇ ಕಥೆ. ಬಾಗಿಲಲ್ಲಿ ಸೆಕ್ಯುರಿಟಿಯವರು ಹಣೆಗೆ ಜ್ವರ ನೋಡುವ ಗನ್ ಹಿಡಿದರು. 33.4 ಡಿಗ್ರಿ ಸೆಲ್ಸಿಯಸ್ ಅಂತ ತೋರಿಸಿತು. ನನ್ನ ಮೈ ನಿಜವಾಗಿಯೂ ಅಷ್ಟು ತಣ್ಣಗಿದ್ದಿದ್ದರೆ ಅಲ್ಲಿಂದಲೇ ಆಂಬುಲೆನ್ಸ್ ಕರೆಸಬೇಕಿತ್ತು. ಅವರು "ಓಕೆ ಮೇಡಂ" ಅಂದರು. ರಿಜಿಸ್ಟರಿನಲ್ಲಿ ಹೆಸರು, ಫೋನ್ ನಂಬರ್, 33.4 ಎಲ್ಲ ಬರೆಸಿಕೊಂಡರು. ಆಮೇಲೆ ಕೈಗೆ ಸ್ಯಾನಿಟೈಸರ್. ಕಾಲಿಗೆ ಬ್ಲೀಚಿಂಗ್ ಪೌಡರ್ ವಾಸನೆಯ ಒದ್ದೆ ಮ್ಯಾಟು. ಇಷ್ಟೆಲ್ಲ ಪರೀಕ್ಷೆ ಪಾಸಾದ ಮೇಲೆ ಒಳಗೆ ಬಿಟ್ಟರು.

ಒಳಗೆ ಏನಿದೆ? ಒಂದು ಹಾಲ್. ಒಂದು ಗೋಡೆ ಪೂರ್ತಿ ಕಿಟಕಿ. ಒಂದೂ ತೆರೆದಿಲ್ಲ, ಎಲ್ಲದಕ್ಕೂ ಚಿಲಕ. ಎಸಿ ಹಾಕಿದ್ದಾರೆ. ಕೂತವರು, ನಿಂತವರು ಸೇರಿ ಮೂವತ್ತು ಜನಕ್ಕೆ ಕಡಿಮೆ ಇರಲಿಲ್ಲ. ನೆಲದ ಮೇಲೆ ಬಳಿದ ಹಳದಿ ವೃತ್ತಗಳು ಅರ್ಧಂಬರ್ಧ ಅಳಿಸಿಹೋಗಿದ್ದವು. ಒಂದು ಬಿಟ್ಟು ಒಂದು ಕುರ್ಚಿಗೆ ಟೇಪ್ ಅಂಟಿಸಿದ್ದರು, ಜನ ಆ ಟೇಪಿನ ಮೇಲೇ ಕೂತಿದ್ದರು. ಕೌಂಟರಿಗೆ ದಪ್ಪ ಪ್ಲಾಸ್ಟಿಕ್ ಶೀಟು, ಕೆಳಗೆ ಕಾಗದ ತೂರಿಸಲು ಒಂದು ಅರ್ಧಚಂದ್ರದ ತೂತು. ಶೀಟಿನ ಆಚೆ ಕೂತವರಿಗೆ ನಮ್ಮ ಮಾತು ಕೇಳಿಸುತ್ತಿರಲಿಲ್ಲ. ಅದಕ್ಕೆ ಪ್ರತಿಯೊಬ್ಬರೂ ಬಗ್ಗಿ, ಆ ತೂತಿಗೆ ಬಾಯಿ ಇಟ್ಟು, ಮಾಸ್ಕ್ ಕೆಳಗೆಳೆದು ಕೂಗುತ್ತಿದ್ದರು. ಕೆಲವರಿಗಂತೂ ಆಚೆಯಿಂದಲೇ ಅಪ್ಪಣೆ ಆಗುತ್ತಿತ್ತು: "ಏನಂದ್ರಿ? ಮಾಸ್ಕ್ ತೆಗೆದು ಹೇಳ್ರಿ."

ಒಬ್ಬರು ಕೂಗಿ ಹೋದ ಕೂಡಲೇ ಒಬ್ಬ ಹೆಂಗಸು ಬಂದು ಕೌಂಟರಿನ ಕಟ್ಟೆಗೆ ಸ್ಪ್ರೇ ಹೊಡೆದು ಬಟ್ಟೆಯಿಂದ ಒರೆಸಿ ಹೋಗುತ್ತಿದ್ದರು. ಮತ್ತೊಬ್ಬರು ಬಂದು ಅದೇ ತೂತಿಗೆ ಬಾಯಿ ಇಡುತ್ತಿದ್ದರು. ಆಕೆ ಮತ್ತೆ ಬಂದು ಒರೆಸುತ್ತಿದ್ದರು. ಪಾಪ, ಆಕೆಯ ಶ್ರದ್ಧೆಗೆ ಕೈ ಮುಗಿಯಬೇಕು. ನನ್ನ ಸಿಟ್ಟು ಆಕೆಯ ಮೇಲಲ್ಲ.

ಎದ್ದು ಹೋಗಿ ಹತ್ತಿರದ ಕಿಟಕಿಯ ಚಿಲಕಕ್ಕೆ ಕೈ ಹಾಕಿದೆ. "ಮೇಡಂ, ಮೇಡಂ! ತೆಗೀಬೇಡಿ, ಎಸಿ ಆನ್ ಇದೆ" ಅಂತ ಒಬ್ಬರು ಒಳಗಿನಿಂದ ಓಡಿ ಬಂದರು. "ಸರ್, ಇಷ್ಟು ಜನ ಇದ್ದೀವಿ, ಗಾಳಿ ಆಡಬೇಕಲ್ವಾ?" ಅಂದೆ. "ದಿನಕ್ಕೆ ಎರಡು ಸಲ ಫುಲ್ ಸ್ಯಾನಿಟೈಸ್ ಮಾಡಿಸ್ತೀವಿ, ಏನೂ ಆಗಲ್ಲ" ಅಂದರು. ಅವರ ಮಾಸ್ಕ್ ಗದ್ದದ ಮೇಲಿತ್ತು. ಮೂವತ್ತು ಜನರಲ್ಲಿ ಒಬ್ಬರೂ ನನ್ನ ಪರ ಬಾಯಿ ಬಿಡಲಿಲ್ಲ. ಹಿರಿಯರೊಬ್ಬರು, "ಸುಮ್ನೆ ಕೂತ್ಕೊಳಮ್ಮ, ಧೂಳು ಬರುತ್ತೆ" ಅಂದರು.

ಧೂಳು ಬರುತ್ತಂತೆ!

ನೋಡಿ, 2020ರ ಮಾರ್ಚ್‌ನಲ್ಲಿ ಹೀಗೆ ಮಾಡಿದ್ದರೆ ನಾನು ತುಟಿ ಬಿಚ್ಚುತ್ತಿರಲಿಲ್ಲ. ಆಗ ಯಾರಿಗೂ ಏನೂ ಸರಿಯಾಗಿ ಗೊತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೇ ಆ ತಿಂಗಳ 28ರಂದು, ಕೊರೊನಾ ಗಾಳಿಯಲ್ಲಿ ಹರಡುವ ರೋಗ ಅಲ್ಲ ಅಂತ ಟ್ವೀಟ್ ಮಾಡಿತ್ತು. ದೊಡ್ಡವರೇ ಹಾಗಂದ ಮೇಲೆ ಜನ ಮೇಜು ಒರೆಸದೆ ಇನ್ನೇನು ಮಾಡ್ತಾರೆ? ಆದರೆ ಈಗ 2021 ಅರ್ಧ ಮುಗಿದಿದೆ ಸ್ವಾಮಿ. ಕಳೆದ ವರ್ಷ ಜುಲೈನಲ್ಲೇ ಆಸ್ಟ್ರೇಲಿಯಾದ ಲಿಡಿಯಾ ಮೊರಾವ್‌ಸ್ಕಾ, ಅಮೆರಿಕದ ಡೊನಾಲ್ಡ್ ಮಿಲ್ಟನ್ ಅನ್ನೋ ಇಬ್ಬರು ವಿಜ್ಞಾನಿಗಳು ಸೇರಿ ಬಹಿರಂಗ ಪತ್ರ ಬರೆದರು. 239 ವಿಜ್ಞಾನಿಗಳು ಅದಕ್ಕೆ ದನಿಗೂಡಿಸಿದರು. ಇದು ಗಾಳಿಯಲ್ಲೂ ಹರಡುತ್ತೆ, ಕೋಣೆಗಳಿಗೆ ಹೊರಗಿನ ಗಾಳಿ ಬಿಡಿ, ಜನ ಒತ್ತೊತ್ತಾಗಿ ಸೇರದ ಹಾಗೆ ನೋಡಿಕೊಳ್ಳಿ ಅಂತ ಗಂಟಲು ಹರಿಯುವ ಹಾಗೆ ಹೇಳಿದರು. ಈ ವರ್ಷ ಏಪ್ರಿಲ್ ಕೊನೆಗೆ ವಿಶ್ವ ಆರೋಗ್ಯ ಸಂಸ್ಥೆಯೂ ತನ್ನ ವೆಬ್‌ಸೈಟಿನಲ್ಲಿ ಸದ್ದಿಲ್ಲದೆ ಮಾತು ತಿದ್ದಿಕೊಂಡಿತು. ಮೊದಲು ಹೇಳಿದ್ದಕ್ಕೆ ಇದ್ದ ಅಬ್ಬರ ತಿದ್ದಿಕೊಂಡಿದ್ದಕ್ಕೆ ಇರಲಿಲ್ಲ ಅನ್ನೋದು ಬೇರೆ ಮಾತು. ಹೊಸ ಮಾತು ಕಚೇರಿಗಳ ಬಾಗಿಲವರೆಗೆ ಬರಲೇ ಇಲ್ಲ.

ನನಗೆ ಇನ್ನೂ ನಗು ಬರೋದು ಆ 72 ಗಂಟೆ ಲೆಕ್ಕ ನೆನೆದರೆ. ನೆನಪಿದೆಯಾ? ವೈರಸ್ಸು ಪ್ಲಾಸ್ಟಿಕ್ ಮೇಲೆ ಮೂರು ದಿನ ಬದುಕುತ್ತೆ, ರಟ್ಟಿನ ಮೇಲೆ ಒಂದು ದಿನ ಅಂತ ಎಲ್ಲರ ವಾಟ್ಸಾಪಿಗೂ ಬಂದಿತ್ತು. ಬಾಗಿಲಿಗೆ ಬಂದ ಪಾರ್ಸೆಲ್ಲುಗಳು ಬಿಸಿಲಲ್ಲಿ ಕ್ವಾರಂಟೈನ್ ಮುಗಿಸಿ ಒಳಗೆ ಬರುತ್ತಿದ್ದವು. ಅದು ಲ್ಯಾಬಿನಲ್ಲಿ ಮಾಡಿದ ಪ್ರಯೋಗ, 2020ರ ಮಾರ್ಚ್‌ನಲ್ಲಿ ಪ್ರಕಟವಾಗಿದ್ದು. ಅದೇ ಪ್ರಯೋಗದಲ್ಲಿ ಇನ್ನೊಂದು ಸಂಗತಿಯೂ ಇತ್ತು. ಗಾಳಿಯಲ್ಲಿ ತೇಲುವ ಸಣ್ಣ ಕಣಗಳಲ್ಲಿ ವೈರಸ್ಸು ಮೂರು ಗಂಟೆಯಾದರೂ ಜೀವಂತ ಇತ್ತು. ಗಾಳಿಯ ಪ್ರಯೋಗ ನಡೆಸಿದ್ದೇ ಮೂರು ಗಂಟೆ! ಒಂದೇ ಬರಹ. ಪ್ಲಾಸ್ಟಿಕ್ಕಿನ ಮೂರು ದಿನ ಪ್ರಪಂಚಕ್ಕೆಲ್ಲ ಬಾಯಿಪಾಠ ಆಯಿತು. ಗಾಳಿಯ ಮೂರು ಗಂಟೆ ಯಾರಿಗೂ ಬೇಡವಾಯಿತು.

ಮೇಜು, ಬಾಗಿಲ ಹಿಡಿ, ಲಿಫ್ಟ್ ಬಟನ್ ಮುಟ್ಟಿ ರೋಗ ಬರುವ ಸಂಭವ ಎಷ್ಟು? ಈ ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಹೇಳಿದ್ದು: ವೈರಸ್ಸು ಅಂಟಿದ ಜಾಗವನ್ನು ಹತ್ತು ಸಾವಿರ ಸಲ ಮುಟ್ಟಿದರೆ ಒಂದು ಸಲ ಬರಬಹುದು, ಬಹುಶಃ ಅಷ್ಟೂ ಇಲ್ಲ. ಆ ಒಂದಕ್ಕೆ ಸ್ಪ್ರೇ, ಬಟ್ಟೆ, ಆಳು, ಮ್ಯಾಟು, ರಿಜಿಸ್ಟರು. ಗಾಳಿಯಲ್ಲಿ ಬರೋದಕ್ಕೆ ಒಂದು ಚಿಲಕ ತೆಗೆಯೋಕೆ ಆಗಲ್ಲ.

ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಒಂದು ಗಾಯನ ತಂಡದ ಕಥೆ ಇದೆ. ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿ ಬೋರ್ ಹೊಡೆಸಿದ್ದೇನೆ, ಇಲ್ಲೂ ಹೇಳ್ತೀನಿ. 2020ರ ಮಾರ್ಚ್ 10, ಅಂದರೆ ಇದನ್ನು ಜಾಗತಿಕ ಮಹಾಮಾರಿ ಅಂತ ಘೋಷಿಸಿದ್ದರ ಹಿಂದಿನ ದಿನ. 61 ಜನ ಒಂದು ಹಾಲ್‌ನಲ್ಲಿ ಸೇರಿ ಎರಡೂವರೆ ಗಂಟೆ ಹಾಡಿನ ಅಭ್ಯಾಸ ಮಾಡಿದರು. ಆ ಜನರೇನೂ ಅಜಾಗರೂಕರಲ್ಲ. ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟಿದ್ದರು, ಕೈ ಕುಲುಕಲಿಲ್ಲ, ತಬ್ಬಿಕೊಳ್ಳಲಿಲ್ಲ. ಸುಮ್ಮನೆ ಹಾಡಿದರು, ಅಷ್ಟೇ. ಕೊನೆಗೆ 53 ಜನ ಕಾಯಿಲೆ ಬಿದ್ದರು. ಅವರಲ್ಲಿ ಪರೀಕ್ಷೆಯಲ್ಲಿ ಖಚಿತ ಆಗಿದ್ದು 33, ಉಳಿದವರದ್ದು ಲಕ್ಷಣಗಳ ಮೇಲೆ ಲೆಕ್ಕ ಹಾಕಿದ್ದು. ಇಬ್ಬರು ತೀರಿಕೊಂಡರು. ಚೀನಾದ ಗುವಾಂಗ್‌ಝೌನಲ್ಲಿ ಅದಕ್ಕೂ ಮೊದಲೇ, ಜನವರಿಯಲ್ಲಿ, ಒಂದು ಹೋಟೆಲಿನಲ್ಲಿ ಅಕ್ಕಪಕ್ಕದ ಮೂರು ಮೇಜಿನವರಿಗೆ ರೋಗ ಬಂತು. ಮೂರೂ ಕುಟುಂಬಗಳು ಒಂದೇ ಎಸಿಯ ಗಾಳಿಗೆ ಕೂತಿದ್ದವು.

ಬೀಡಿ ಹೊಗೆ ಅಂತ ಅಂದುಕೊಳ್ಳಿ, ಮುಗೀತು. ಮುಚ್ಚಿದ ಕೋಣೆಯಲ್ಲಿ ಒಬ್ಬರು ಬೀಡಿ ಸೇದಿದರೆ ಮೂಲೆಯಲ್ಲಿ ಕೂತವರಿಗೂ ವಾಸನೆ ಬರುತ್ತಲ್ವಾ? ಪ್ಲಾಸ್ಟಿಕ್ ಶೀಟು ಅದನ್ನು ತಡೆಯುತ್ತಾ? ಕೆಮ್ಮಿದಾಗ ಹಾರುವ ದಪ್ಪ ಹನಿ ಶೀಟಿಗೆ ಬಡಿದು ನಿಲ್ಲಬಹುದು. ಸಣ್ಣ ಕಣ ಶೀಟನ್ನು ಬಳಸಿಕೊಂಡು ಆಚೆ ಹೋಗುತ್ತೆ. ಮೇಜು ಎಷ್ಟೇ ಒರೆಸಿದರೂ ಹೊಗೆ ಹೋಗಲ್ಲ. ಕಿಟಕಿ ತೆಗೆದರೆ ಹೋಗುತ್ತೆ. ಇದಕ್ಕೆ ಪಿಎಚ್‌ಡಿ ಬೇಕಾ?

ಆ ಹಣೆ ಗನ್ನಿನ ಬಗ್ಗೆ ಒಂದೇ ಮಾತು. ಈ ರೋಗ ಲಕ್ಷಣ ಕಾಣಿಸುವ ಒಂದೆರಡು ದಿನ ಮೊದಲೇ ಇನ್ನೊಬ್ಬರಿಗೆ ಅಂಟುತ್ತೆ. ಕೆಲವರಿಗೆ ಲಕ್ಷಣವೇ ಬರಲ್ಲ. ಅವರನ್ನೆಲ್ಲ ಗನ್ನು ಹೇಗೆ ಹಿಡಿಯುತ್ತೆ? ಅದೂ 33.4 ತೋರಿಸಿದರೆ ಓಕೆ ಅನ್ನುವ ಗನ್ನು.

ಇಷ್ಟು ಯಾಕೆ ಹಾರಾಡ್ತಾಳೆ ಅಂತ ಹೊಸಬರಿಗೆ ಅನ್ನಿಸಬಹುದು. ಹಳಬರಿಗೆ ಅಪ್ಪನ ಉಬ್ಬಸದ ಕಥೆ ಗೊತ್ತೇ ಇದೆ. ರಾತ್ರಿ ಅವರ ಎದೆಯಿಂದ ಸಿಳ್ಳೆ ಕೇಳಿಸಿದರೆ ನಮ್ಮ ಮನೆಯಲ್ಲಿ ಯಾರೂ ಮಲಗಲ್ಲ. ಅದಕ್ಕೇ ಅವರ ಕೆಲಸಗಳಿಗೆಲ್ಲ ನಾನು ಓಡಾಡುತ್ತಿರೋದು. ಈಗ ನನಗೊಂದು ಚಟ ಅಂಟಿದೆ. ಯಾವುದೇ ಕೋಣೆಗೆ ಕಾಲಿಟ್ಟರೂ ಮೊದಲು ಕಿಟಕಿ ಎಲ್ಲಿದೆ ನೋಡ್ತೀನಿ. ಆಮೇಲೆ ಜನ. ಆಮೇಲೆ ಯಾರು ಕೆಮ್ಮುತ್ತಿದ್ದಾರೆ ಅಂತ. ಇವತ್ತು ಅಲ್ಲಿ ಒಬ್ಬ ಹುಡುಗ ಎರಡು ಸಲ ಕೆಮ್ಮಿದ. ಹದಿನೆಂಟು ಇಪ್ಪತ್ತು ವಯಸ್ಸಿರಬೇಕು, ಕೆಮ್ಮಿ ತಾನೇ ನಾಚಿಕೊಂಡ. ನನಗೆ ಅವನ ಮೇಲೆ ಎಂಥ ದ್ವೇಷ ಬಂತು ಅಂದರೆ, ಬರೆಯೋಕೂ ಮುಜುಗರ ಆಗ್ತಿದೆ. ಅವನೇನು ಮಾಡಿದ್ದ? ಗಂಟಲು ಕೆರೆದಿರುತ್ತೆ. ಮನುಷ್ಯರನ್ನು ಕಂಡರೆ ಹೀಗೆ ಸಿಡುಕುವ ಸ್ವಭಾವ ನನ್ನದಾಗಿರಲಿಲ್ಲ. ಇಷ್ಟಕ್ಕೂ ಕಿಟಕಿ ತೆಗೆದಿದ್ದರೆ ಅವನ ಪಾಡಿಗೆ ಅವನು ಕೆಮ್ಮಿಕೊಂಡು ಇರುತ್ತಿದ್ದ, ನನ್ನ ಪಾಡಿಗೆ ನಾನು.

ಈಗ ಕೆಲವರು ಕಮೆಂಟಿಗೆ ಬೆರಳು ಮಸೆಯುತ್ತಿರುತ್ತೀರಿ. "ಏನೋ ಒಂದು ಮಾಡ್ತಾರಲ್ಲ ಬಿಡಿ, ಕೈ ತೊಳೆದರೆ ಗಂಟೇನು ಹೋಗುತ್ತೆ?" ಅಂತ. ಕೈ ತೊಳೀರಿ ಮಾರಾಯ್ರೇ, ಯಾರು ಬೇಡ ಅಂದರು? ಕೈ ತೊಳೆದರೆ ಹೊಟ್ಟೆಬೇನೆ ಇಂದ ಹಿಡಿದು ಹತ್ತಾರು ಕಾಯಿಲೆ ದೂರ ಆಗುತ್ತೆ. ಕೊರೊನಾ ಹೋದ ಮೇಲೂ ತೊಳೀರಿ. ನನ್ನ ತಕರಾರು ಬೇರೆ. ಬಾಗಿಲಲ್ಲಿ ಇಷ್ಟೆಲ್ಲ ಪೂಜೆ ಆದ ಮೇಲೆ ಒಳಗೆ ಹೋದವರಿಗೆ ಒಂದು ಧೈರ್ಯ ಬಂದುಬಿಡುತ್ತೆ. ಎಲ್ಲ ಶುದ್ಧ ಆಯ್ತಲ್ಲ ಅಂತ ಮಾಸ್ಕ್ ಗದ್ದಕ್ಕೆ ಇಳಿಯುತ್ತೆ. ಕಿಟಕಿ ತೆಗೆಯಿರಿ ಅಂದವರಿಗೆ "ಸ್ಯಾನಿಟೈಸ್ ಮಾಡಿದೀವಲ್ಲ" ಅನ್ನೋ ಉತ್ತರ ರೆಡಿ ಇರುತ್ತೆ. ಗಂಟು ಹೋಗೋದು ಅಲ್ಲಿ.

"ಎಸಿ ಇಲ್ಲದೆ ಸೆಕೆ ಕಣ್ರೀ" ಅನ್ನೋದು ಇನ್ನೊಂದು ವಾದ. ಸೆಕೆ ಹೌದು. ಎಸಿ ಹಾಕಿಕೊಂಡೇ ಎರಡು ಕಿಟಕಿ ಅರ್ಧರ್ಧ ತೆಗೀರಿ. ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿ. ಕರೆಂಟ್ ಬಿಲ್ ಸ್ವಲ್ಪ ಜಾಸ್ತಿ ಬರುತ್ತೆ, ಬರಲಿ. ಸ್ಪ್ರೇ ಬಾಟಲಿಗಳಿಗೆ ಸುರಿದ ದುಡ್ಡಿನ ಲೆಕ್ಕ ಯಾರಾದರೂ ಕೇಳಿದ್ದಾರಾ?

ನನಗನ್ನಿಸೋದು ಏನು ಗೊತ್ತಾ? ಒರೆಸೋದು ಕಣ್ಣಿಗೆ ಕಾಣುತ್ತೆ. ಫೋಟೋ ತೆಗೆಯಬಹುದು. ಕಳೆದ ವರ್ಷ ಜನರ ಮೈಮೇಲೆ ಔಷಧಿ ಸಿಂಪಡಿಸುವ ಸುರಂಗಗಳು ಬಂದಿದ್ದವಲ್ಲ, ಅವನ್ನು ಟೇಪು ಕತ್ತರಿಸಿ ಉದ್ಘಾಟನೆ ಮಾಡಿದರು. ಜನರ ಮೈಮೇಲೆ ಹಾಗೆ ಸಿಂಪಡಿಸೋದು ಯಾವ ಕಾರಣಕ್ಕೂ ಬೇಡ, ಕಣ್ಣಿಗೆ, ಚರ್ಮಕ್ಕೆ, ಉಸಿರಿಗೆ ತೊಂದರೆ ಅಂತ 2020ರ ಮೇ ತಿಂಗಳಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿತು. ಅಷ್ಟರಲ್ಲಿ ಉದ್ಘಾಟನೆ ಆಗಿ, ಫೋಟೋ ಪೇಪರಿಗೆ ಹೋಗಿಯಾಗಿತ್ತು. ತೆರೆದ ಕಿಟಕಿಯನ್ನು ಯಾರು ಉದ್ಘಾಟನೆ ಮಾಡ್ತಾರೆ? ಅದಕ್ಕೆ ಟೆಂಡರ್ ಇಲ್ಲ, ಬಿಲ್ ಇಲ್ಲ, ಕಮಿಷನ್ ಅಂತೂ ಇಲ್ಲವೇ ಇಲ್ಲ. ಬಿಟ್ಟಿ ಸಿಗುವ ಔಷಧಿಗೆ ಬೆಲೆ ಎಲ್ಲಿದೆ?

ಇದೇನೂ ಹೊಸ ಸಂಶೋಧನೆಯೂ ಅಲ್ಲ. ಕ್ಷಯಕ್ಕೆ ಮಾತ್ರೆಯೇ ಇಲ್ಲದ ಕಾಲದಲ್ಲಿ ಸ್ಯಾನಿಟೋರಿಯಂ ಕಟ್ಟಿ ರೋಗಿಗಳನ್ನು ವರಾಂಡದಲ್ಲಿ, ತೆರೆದ ಗಾಳಿಯಲ್ಲಿ ಮಲಗಿಸುತ್ತಿದ್ದರು. ಫ್ಲಾರೆನ್ಸ್ ನೈಟಿಂಗೇಲ್ 19ನೇ ಶತಮಾನದಲ್ಲೇ ರೋಗಿಯ ಕೋಣೆಯ ಗಾಳಿ ಹೊರಗಿನ ಗಾಳಿಯಷ್ಟು ಚೆನ್ನಾಗಿರಬೇಕು ಅಂತ ಹಟ ಹಿಡಿದಿದ್ದವರು. ಆಕೆಗೆ ವೈರಸ್ಸು ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಕಿಟಕಿ ಗೊತ್ತಿತ್ತು.

ಕಚೇರಿಯನ್ನು ಬಿಡಿ, ನಮ್ಮ ಅಪಾರ್ಟ್‌ಮೆಂಟಿನವರು ಓದುಬರಹ ಬಲ್ಲವರು ಅಂತ ನಾನು ಅಂದುಕೊಂಡಿದ್ದೆ. ಲಿಫ್ಟ್ ಬಟನ್ನಿಗೆ ಪ್ಲಾಸ್ಟಿಕ್ ಅಂಟಿಸಿ, ಪಕ್ಕದಲ್ಲಿ ಒಂದು ಡಬ್ಬಿ ಹಲ್ಲುಕಡ್ಡಿ ಇಟ್ಟಿದ್ದಾರೆ, ಬೆರಳಿನಿಂದ ಒತ್ತಬಾರದಂತೆ. ಅದೇ ಲಿಫ್ಟಿನೊಳಗೆ ಆರು ಜನ ಫೋನಿನಲ್ಲಿ ಮಾತಾಡುತ್ತಾ ಹೋಗ್ತಾರೆ, ಅದರಲ್ಲಿರುವ ಪುಟ್ಟ ಫ್ಯಾನು ಕೆಟ್ಟು ತಿಂಗಳುಗಳಾಗಿವೆ. ಈಗ ಮೊಬೈಲ್ ತೆಗೆದರೆ ಗ್ರೂಪಿನಲ್ಲಿ ಮೆಸೇಜು: ಭಾನುವಾರ ಅಸೋಸಿಯೇಷನ್ ಮೀಟಿಂಗ್, ಎಲ್ಲರೂ ತಪ್ಪದೆ ಬರಬೇಕು, ಸ್ಥಳ ಬೇಸ್‌ಮೆಂಟ್ ರೂಮು. ಅದಕ್ಕೆ ಕಿಟಕಿಯೇ ಇಲ್ಲ!

ಟೆರೇಸಿನಲ್ಲಿ ಮಾಡೋಣ ಅಂತ ಹಾಕಿದೆ. ಬಿಸಿಲು ಅಂದರು. ಹಾಗಾದರೆ ಸಂಜೆ ಮಾಡೋಣ ಅಂದೆ. ಸೊಳ್ಳೆ ಅಂದರು. ಸೆಕ್ರೆಟರಿಯವರು, "ಮೇಡಂ ಚಿಂತೆ ಮಾಡಬೇಡಿ, ರೂಮನ್ನು ಹಿಂದಿನ ದಿನವೇ ಫುಲ್ ಸ್ಯಾನಿಟೈಸ್ ಮಾಡಿಸ್ತೀವಿ" ಅಂತ ಬರೆದು ಕೈ ಮುಗಿಯೋ ಇಮೋಜಿ ಹಾಕಿದ್ದಾರೆ. ಅದಕ್ಕೆ ಹದಿನಾಲ್ಕು ಜನ ಹೆಬ್ಬೆರಳು ಎತ್ತಿದ್ದಾರೆ.

ನಾನು ಬರಲ್ಲ. ಮೇಂಟೆನೆನ್ಸ್ ಎಷ್ಟು ಏರಿಸಿದಿರಿ ಅಂತ ಗ್ರೂಪಲ್ಲೇ ಹಾಕಿಬಿಡಿ.