ಹಾಡು ನಿಲ್ಲಿಸಿ ಊರಿಗೆ ಬಂದ ಐರೀನ್ ಡಾಲಿಸ್

ಐರೀನ್ ಡಾಲಿಸ್ ಹೆಸರನ್ನು ನಮ್ಮಲ್ಲಿ ಹೆಚ್ಚಿನವರು ಕೇಳಿರಲಿಕ್ಕಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲೇ ಮನೆ ಮಾಡಿ, ಮಕ್ಕಳನ್ನು ಬೆಳೆಸಿದ ಎಷ್ಟೋ ಕನ್ನಡಿಗರೂ ಕೇಳಿಲ್ಲ. ನನಗೆ ಅದು ಬೇಜಾರಿನ ಸಂಗತಿ. ಆಕೆ 1925ರಲ್ಲಿ ಇದೇ ಊರಲ್ಲಿ ಹುಟ್ಟಿದವರು. ಒಪೆರಾ ಗಾಯಕಿ, ಅಂದರೆ ಹಾಡಿನಲ್ಲೇ ನಡೆಯುವ ಪಾಶ್ಚಾತ್ಯ ನಾಟಕಗಳಲ್ಲಿ ಹಾಡುವವರು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದಲ್ಲಿ (ಚಿಕ್ಕದಾಗಿ ಮೆಟ್) 20 ಸೀಸನ್ ಹಾಡಿದವರು. ಅದನ್ನು ಮುಗಿಸಿ ಊರಿಗೆ ವಾಪಸ್ ಬಂದರು. 1984ರಲ್ಲಿ, ಅರವತ್ತರ ಹೊಸ್ತಿಲಲ್ಲಿ, ಒಪೆರಾ ಸ್ಯಾನ್ ಹೋಸೆ ಅನ್ನುವ ಕಂಪನಿ ಕಟ್ಟಿದರು. 30 ವರ್ಷ ಅದನ್ನು ನಡೆಸಿದರು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆಕೆಯ ಎರಡನೇ ಕೆಲಸವೇ ಮೊದಲನೆಯದಕ್ಕಿಂತ ದೊಡ್ಡದು. ಅದಕ್ಕೆ ಕಾರಣ ಆಕೆ ಆಡಿಸಿದ ಒಪೆರಾಗಳಲ್ಲ. ಹೆಸರಿಲ್ಲದ ಹೊಸ ಹಾಡುಗಾರರಿಗೆ ತಿಂಗಳ ಸಂಬಳ ಕೊಟ್ಟರು, ಇರೋಕೆ ಮನೆ ಕೊಟ್ಟರು. ನನ್ನ ಪಾಲಿಗೆ ಅದೇ ಕಾರಣ.

ಮೊದಲನೆಯ ಕೆಲಸವೂ ಚಿಕ್ಕದೇನಲ್ಲ. ಡಾಲಿಸ್ ಮೆಟ್ಸೊ ಸೊಪ್ರಾನೊ. ಅಂದರೆ ಹೆಂಗಸರ ದನಿಯಲ್ಲಿ ಸ್ವಲ್ಪ ಕೆಳಗಿನ, ಗಾಢವಾದ ದನಿ. ಒಪೆರಾದಲ್ಲಿ ಪ್ರೀತಿಸಿ ಸಾಯುವ ನಾಯಕಿಯ ಪಾತ್ರ ಸಾಮಾನ್ಯವಾಗಿ ಈ ದನಿಗೆ ಸಿಗುವುದಿಲ್ಲ. ಹೊಟ್ಟೆಕಿಚ್ಚಿನ ರಾಜಕುಮಾರಿ, ಮಾಟಗಾತಿ, ಸೇಡು ತೀರಿಸಿಕೊಳ್ಳುವ ತಾಯಿ, ಇಂಥವು ಸಿಗುತ್ತವೆ. (ನನ್ನನ್ನು ಕೇಳಿದರೆ ಒಳ್ಳೊಳ್ಳೆ ಪಾತ್ರಗಳೆಲ್ಲ ಇವೇ.) 1957ರ ಮಾರ್ಚ್‌ನಲ್ಲಿ ವೆರ್ಡಿಯ ‘ಡಾನ್ ಕಾರ್ಲೊ’ ಒಪೆರಾದ ರಾಜಕುಮಾರಿ ಎಬೋಲಿಯಾಗಿ ಮೆಟ್ ವೇದಿಕೆ ಹತ್ತಿದರು. 1961ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ, ಸಂಗೀತ ರಚನೆಕಾರ ವಾಗ್ನರ್ ಸ್ವತಃ ಕಟ್ಟಿಸಿದ ರಂಗಮಂದಿರದಲ್ಲಿ, ಅವರದೇ ‘ಪಾರ್ಸಿಫಾಲ್’ನ ಕುಂಡ್ರಿ ಪಾತ್ರ ಹಾಡಿದರು. ಅಮೆರಿಕದಲ್ಲಿ ಹುಟ್ಟಿದ ಹಾಡುಗಾರ್ತಿಯೊಬ್ಬರು ಅಲ್ಲಿ ಆ ಪಾತ್ರ ಮಾಡಿದ್ದು ಅದೇ ಮೊದಲು. ಮರುವರ್ಷ ಕ್ನಾಪರ್ಟ್ಸ್‌ಬುಷ್ ಅನ್ನುವವರ ಸಂಗೀತ ನಿರ್ದೇಶನದಲ್ಲಿ ಅಲ್ಲೇ ಮಾಡಿದ ‘ಪಾರ್ಸಿಫಾಲ್’ ರೆಕಾರ್ಡಿಂಗ್‌ನಲ್ಲೂ ಕುಂಡ್ರಿ ಅವರೇ. ಇವತ್ತಿಗೂ ಜನ ಹುಡುಕಿಕೊಂಡು ಕೇಳುವ ರೆಕಾರ್ಡಿಂಗ್ ಅದು. ನೀವೂ ಒಮ್ಮೆ ಕೇಳಿ.

ಆದರೆ ಇದಕ್ಕೆಲ್ಲ ಮೊದಲು ಆಕೆ ಎಲ್ಲಿದ್ದರು ಅನ್ನುವುದು ನನಗೆ ಮುಖ್ಯ. ಡಾಲಿಸ್ ಸ್ಯಾನ್ ಹೋಸೆ ಸ್ಟೇಟ್ ಅನ್ನುವ ಊರಿನ ಕಾಲೇಜಿನಲ್ಲಿ ಓದಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಶಿಕ್ಷಕರ ತರಬೇತಿಯ ಎಂ.ಎ. ಮಾಡಿದವರು. 1951ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಸಿಕ್ಕಿ ಇಟಲಿಗೆ ಹೋದರು. 1953ರಲ್ಲಿ ಜರ್ಮನಿಯ ಓಲ್ಡೆನ್‌ಬುರ್ಗ್ ಅನ್ನುವ ಊರಿನ ಒಪೆರಾದಲ್ಲಿ ಕೆಲಸ ಸಿಕ್ಕಿತು. ಬರ್ಲಿನ್ ಅಲ್ಲ, ಮ್ಯೂನಿಕ್ ಅಲ್ಲ, ಓಲ್ಡೆನ್‌ಬುರ್ಗ್. ಜಿಲ್ಲಾ ಕೇಂದ್ರದಂಥ ಒಂದು ಊರು. ಜರ್ಮನಿಯಲ್ಲಿ ಇಂಥ ಊರುಗಳಿಗೂ ಸ್ವಂತ ಒಪೆರಾ ಇರುತ್ತದೆ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಸುಮಾರು 80 ಒಪೆರಾ ಮಂದಿರಗಳು ಆ ದೇಶದಲ್ಲಿವೆ. ಅಲ್ಲಿ ಹಾಡುಗಾರರ ಕೆಲಸ ವರ್ಷದ ಒಪ್ಪಂದದ ಮೇಲೆ. ತಿಂಗಳಾದರೆ ಸಂಬಳ. ಈ ವಾರ ಮೊಜಾರ್ಟ್, ಮುಂದಿನ ವಾರ ವೆರ್ಡಿ, ನಡುವೆ ಇನ್ನೊಂದು ಹೊಸ ಪಾತ್ರದ ತಾಲೀಮು. ಕಲಿಯುತ್ತಲೇ ಇರಬೇಕು, ಹಾಡುತ್ತಲೇ ಇರಬೇಕು. ಎರಡು ವರ್ಷ ಅಲ್ಲಿ ಪಳಗಿದ ಮೇಲೆ 1955ರಲ್ಲಿ ಬರ್ಲಿನ್‌ಗೆ ಹೋದರು. ಅಲ್ಲಿಂದ ಮೆಟ್‌ಗೆ.

ಮೆಟ್ ಎಬೋಲಿ ನೋಡಿದವರಿಗೆ ಕಂಡದ್ದು ಒಬ್ಬ ದೊಡ್ಡ ಗಾಯಕಿ. ಆದರೆ ಆಕೆ ಎಬೋಲಿ ಪಾತ್ರ ಮೊದಲು ಹಾಡಿದ್ದು ಓಲ್ಡೆನ್‌ಬುರ್ಗ್‌ನಲ್ಲಿ. ತಪ್ಪಾದರೆ ಪ್ರಪಂಚ ನೋಡದ ಜಾಗದಲ್ಲಿ.

ಈಗ ಅಮೆರಿಕದ ಹೊಸ ಹಾಡುಗಾರರ ಪಾಡು ನೋಡಿ. ಇಲ್ಲಿ ಬಹುತೇಕ ಎಲ್ಲರೂ ಗುತ್ತಿಗೆಯವರು. ಸಂಗೀತದ ಡಿಗ್ರಿ ಮುಗಿಯುವಾಗ ತಲೆಮೇಲೆ ಸಾಲ. ಆಮೇಲೆ ಆಡಿಷನ್‌ಗಳು. ವಿಮಾನದ ಖರ್ಚು ತಮ್ಮದೇ, ಹೋಟೆಲ್ ಖರ್ಚು ತಮ್ಮದೇ. ಕೆಲಸ ಸಿಕ್ಕಿದರೆ ಒಂದು ಊರಲ್ಲಿ ಕೆಲವು ವಾರ ರಿಹರ್ಸಲ್, ನಾಲ್ಕೈದು ಶೋ, ಮತ್ತೆ ಪೆಟ್ಟಿಗೆ ಕಟ್ಟಬೇಕು. ದುಡ್ಡು ಸಾಮಾನ್ಯವಾಗಿ ಶೋ ಲೆಕ್ಕದಲ್ಲಿ. ಗಂಟಲು ಕಟ್ಟಿತು, ಹಾಡೋಕೆ ಆಗಲಿಲ್ಲ ಅಂದರೆ ಆ ದಿನದ ದುಡ್ಡು ಹೋಯಿತು. ಒಪೆರಾ ದನಿ ಹದಕ್ಕೆ ಬರುವುದೂ ತಡ. ಇಪ್ಪತ್ತೆಂಟು, ಮೂವತ್ತು ದಾಟಿದ ಮೇಲೆ ಅರಳುವ ದನಿಗಳೇ ಜಾಸ್ತಿ. ಅಷ್ಟು ಹೊತ್ತಿಗೆ ಬಾಡಿಗೆ ಕಟ್ಟೋಕೆ ಬೇರೆ ಕೆಲಸ ಹಿಡಿದು, ಹಾಡು ಬಿಟ್ಟವರು ಎಷ್ಟು ಜನವೋ.

ದೊಡ್ಡ ಕಂಪನಿಗಳು ಹೊಸಬರನ್ನು ಸೇರಿಸಿಕೊಂಡು ತರಬೇತಿ ಕೊಡುತ್ತವೆ, ನಿಜ. ಆದರೆ ಅಲ್ಲಿ ಅವರಿಗೆ ವೇದಿಕೆಯ ಮೇಲೆ ಸಿಗುವುದು ಹೆಚ್ಚಾಗಿ ದಾಸಿ, ದೂತ, ಸಿಪಾಯಿ ಪಾತ್ರ. ಎರಡು ಸಾಲು ಹಾಡಿ ಒಳಗೆ ಹೋಗಬೇಕು. ಮುಖ್ಯ ಪಾತ್ರದ ಭಾರ ಹೊರುವುದು ಹೇಗೆ? ಮೂರು ಗಂಟೆ ದನಿ ಉಳಿಸಿಕೊಳ್ಳುವುದು ಹೇಗೆ? ಮೂರನೇ ಅಂಕಕ್ಕೆ ಎಷ್ಟು ಉಸಿರು ಇಟ್ಟುಕೊಂಡಿರಬೇಕು? ಇದನ್ನು ಕ್ಲಾಸ್‌ರೂಮಿನಲ್ಲಿ ಕಲಿಯೋಕೆ ಆಗುವುದಿಲ್ಲ. ಮುಖ್ಯ ಪಾತ್ರವನ್ನೇ ಹಾಡಿ ಕಲಿಯಬೇಕು, ಮತ್ತೆ ಮತ್ತೆ ಹಾಡಿ ಕಲಿಯಬೇಕು.

ಡಾಲಿಸ್‌ಗೆ ಇದು ಸ್ವಂತ ಅನುಭವದಿಂದ ಗೊತ್ತಿತ್ತು. 1977ರಲ್ಲಿ ಮೆಟ್ ಬಿಟ್ಟು, ತಾವು ಓದಿದ ಸ್ಯಾನ್ ಹೋಸೆ ಸ್ಟೇಟ್‌ಗೇ ಮೇಷ್ಟ್ರಾಗಿ ಬಂದರು. ಅಲ್ಲಿನ ವಿದ್ಯಾರ್ಥಿಗಳ ಒಪೆರಾ ತರಬೇತಿ ನಡೆಸಿದರು. ಆ ಕೆಲಸವೇ ಬೆಳೆದು ಒಪೆರಾ ಸ್ಯಾನ್ ಹೋಸೆ ಆಯಿತು. ಬೇರೆಯವರಾಗಿದ್ದರೆ ಹಳೆಯ ಸ್ನೇಹಿತರಾದ ಸ್ಟಾರ್‌ಗಳನ್ನು ಕರೆಸಿ, ವರ್ಷಕ್ಕೊಂದು ಅದ್ದೂರಿ ಕಾರ್ಯಕ್ರಮ ಮಾಡಿ ಹೆಸರು ತೆಗೆದುಕೊಳ್ಳುತ್ತಿದ್ದರು. ಆಕೆಗೆ ಆ ಪರಿಚಯಗಳೆಲ್ಲ ಇದ್ದವು. ಆ ದಾರಿ ಹಿಡಿಯಲಿಲ್ಲ. ತಮ್ಮನ್ನು ಬೆಳೆಸಿದ ಓಲ್ಡೆನ್‌ಬುರ್ಗ್ ಪದ್ಧತಿಯನ್ನೇ ತಂದು ಕ್ಯಾಲಿಫೋರ್ನಿಯಾದಲ್ಲಿ ನೆಟ್ಟರು. ಕೆಲವೇ ಹೊಸ ಹಾಡುಗಾರರನ್ನು ಆರಿಸಿ, ವರ್ಷದ ಒಪ್ಪಂದ ಮಾಡಿಕೊಳ್ಳುವುದು. ಸೀಸನ್‌ನ ಒಪೆರಾಗಳಲ್ಲಿ ಮುಖ್ಯ ಪಾತ್ರಗಳನ್ನೇ ಅವರಿಗೆ ಕೊಡುವುದು. ಒಂದೊಂದು ಒಪೆರಾಕ್ಕೆ ಎರಡೆರಡು ತಂಡ ಮಾಡಿ, ಒಬ್ಬರು ಹಾಡುವ ದಿನ ಇನ್ನೊಬ್ಬರ ಗಂಟಲಿಗೆ ವಿರಾಮ ಸಿಗುವಂತೆ ನೋಡಿಕೊಳ್ಳುವುದು. ಆಗ ಅಮೆರಿಕದಲ್ಲಿ ಇಂಥ ವ್ಯವಸ್ಥೆ ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ.

ಮತ್ತೆ ಮನೆ. ಸಿಲಿಕಾನ್ ವ್ಯಾಲಿಯ ಬಾಡಿಗೆ ಬಗ್ಗೆ ನಮ್ಮವರಿಗೆ ನಾನು ಹೇಳಬೇಕಾಗಿಲ್ಲ. ಇಬ್ಬರು ದುಡಿಯುವ ಐಟಿ ಸಂಸಾರವೇ ತಿಂಗಳ ಕೊನೆಗೆ ಲೆಕ್ಕ ಹಾಕುವ ಊರಿದು. ಇಂಥ ಕಡೆ ಒಪೆರಾ ಹಾಡುಗಾರನ ಸಂಬಳದಲ್ಲಿ ಬದುಕೋದು ಕನಸಿನ ಮಾತು. ಕಂಪನಿ ಅಪಾರ್ಟ್‌ಮೆಂಟ್ ಕಟ್ಟಡಗಳನ್ನೇ ಕೊಂಡುಕೊಂಡಿತು. ಅಲ್ಲಿ ಹಾಡುಗಾರರು ಬಾಡಿಗೆ ಇಲ್ಲದೆ ಇರಬಹುದಿತ್ತು. ಈ ಒಂದು ನಿರ್ಧಾರ ನನಗೆ ಎಷ್ಟು ಇಷ್ಟ ಅಂದರೆ, ಡಾಲಿಸ್ ಬಗ್ಗೆ ಯಾರಾದರೂ ಕೇಳಿದರೆ ಮೆಟ್, ಬೈರಾಯ್ಟ್ ಎಲ್ಲ ಬಿಟ್ಟು ಮೊದಲು ಇದನ್ನೇ ಹೇಳುತ್ತೇನೆ. ಕಲೆಗೆ ಪ್ರೋತ್ಸಾಹ ಅಂತ ಭಾಷಣ ಮಾಡುವವರು ಬಹಳ. ಕಲಾವಿದರ ಬಾಡಿಗೆ ಯಾರು ಕಟ್ಟುತ್ತಾರೆ ಅಂತ ಯೋಚಿಸಿ ಬೀಗದ ಕೈ ಕೊಟ್ಟವರು ಕಡಿಮೆ.

ರಂಗಮಂದಿರದ ವಿಷಯದಲ್ಲೂ ಆಕೆಯ ತಾಳ್ಮೆ ನೋಡಬೇಕು. ಮೊದಲ 20 ವರ್ಷ ಕಂಪನಿ ಹಾಡಿದ್ದು ಮಾಂಟ್ಗೊಮೆರಿ ಥಿಯೇಟರ್‌ನಲ್ಲಿ. ಸುಮಾರು 500 ಸೀಟಿನ ಜಾಗ. ದೊಡ್ಡದಕ್ಕೆ ಹೋಗೋಣ ಅನ್ನುವ ಆಸೆ ಯಾರಿಗಿರುವುದಿಲ್ಲ? ಆದರೆ ಒಪೆರಾದಲ್ಲಿ ಮೈಕ್ ಇಲ್ಲ. ಇಡೀ ವಾದ್ಯವೃಂದದ ಮೇಲೆ ಬರಿ ಗಂಟಲಿನಿಂದ ಹಾಡಿ ಕೊನೆಯ ಸಾಲಿಗೆ ಮುಟ್ಟಿಸಬೇಕು. ಮೆಟ್‌ನಲ್ಲಿ ಸುಮಾರು 3,800 ಸೀಟು. ಪಕ್ಕದ ಸ್ಯಾನ್ ಫ್ರಾನ್ಸಿಸ್ಕೊ ಒಪೆರಾದಲ್ಲಿ 3,000ಕ್ಕೂ ಜಾಸ್ತಿ. ಇಪ್ಪತ್ತೈದರ ದನಿಯನ್ನು ಅಲ್ಲಿ ನಿಲ್ಲಿಸಿದರೆ ಕೂಗೋಕೆ ಶುರು ಮಾಡುತ್ತದೆ. ಕೂಗಿದ ದನಿ ಬೇಗ ಕೆಡುತ್ತದೆ. ಚಿಕ್ಕ ಜಾಗದಲ್ಲಿ ಕೂಗುವ ಅಗತ್ಯ ಇಲ್ಲ. ಹಾಡಿದರೆ ಸಾಕು.

2004ರಲ್ಲಿ ಕಂಪನಿ ಕ್ಯಾಲಿಫೋರ್ನಿಯಾ ಥಿಯೇಟರ್‌ಗೆ ಹೋಯಿತು. ಡೌನ್‌ಟೌನ್‌ನ ಫಸ್ಟ್ ಸ್ಟ್ರೀಟಿನಲ್ಲಿದೆ, ನೀವು ಮುಂದೆ ಓಡಾಡಿರುತ್ತೀರಿ. 1927ರಲ್ಲಿ ಸಿನಿಮಾ ಮಂದಿರವಾಗಿ ಕಟ್ಟಿದ್ದು. 1973ರಲ್ಲಿ ಮುಚ್ಚಿ, 30 ವರ್ಷ ಬಾಗಿಲು ಹಾಕಿಕೊಂಡೇ ಇತ್ತು. ಈಗ ಬಂಗಾರದ ಬಣ್ಣ, ಚಿತ್ತಾರದ ಚಾವಣಿ ಎಲ್ಲ ಮರಳಿ ಬಂದಿದೆ. ಅಲ್ಲಿಯೂ ಸುಮಾರು 1,100 ಸೀಟು ಮಾತ್ರ. ದನಿಗೆ ಹಿತವಾದ ಅಳತೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಮಂದಿರ ಮರಳಿ ಎದ್ದು ನಿಂತಿದ್ದರ ಹಿಂದೆ ದೊಡ್ಡ ದುಡ್ಡಿತ್ತು. ಎಚ್‌ಪಿ ಕಂಪನಿ ಕಟ್ಟಿದವರಲ್ಲಿ ಒಬ್ಬರ ಮಗ ಡೇವಿಡ್ ಪ್ಯಾಕರ್ಡ್ ಅವರ ಸಂಸ್ಥೆ ಮತ್ತು ನಗರಾಡಳಿತ ಅದಕ್ಕೆ ದುಡ್ಡು ಹಾಕಿದವು. ‘ಅಂಥ ದಾನಿ ಸಿಕ್ಕಿದರೆ ಯಾರು ಬೇಕಾದರೂ ಕಂಪನಿ ನಡೆಸಬಹುದು’ ಅಂತ ಗೆಳೆಯರೊಬ್ಬರು ನನ್ನ ಹತ್ತಿರ ವಾದ ಮಾಡಿದ್ದಾರೆ. ನಾನು ಒಪ್ಪುವುದಿಲ್ಲ. ದುಡ್ಡಿರುವ ಊರಲ್ಲಿ ದುಡ್ಡಿಲ್ಲದೆ ಸತ್ತ ಕಲಾ ಸಂಸ್ಥೆಗಳ ಪಟ್ಟಿ ನೋಡಿ. ಸ್ಯಾನ್ ಹೋಸೆ ಸಿಂಫನಿ, 1879ರಷ್ಟು ಹಳೆಯದು, 2002ರಲ್ಲಿ ದಿವಾಳಿ. ಅಮೆರಿಕನ್ ಮ್ಯೂಸಿಕಲ್ ಥಿಯೇಟರ್ 2008ರಲ್ಲಿ ಮುಚ್ಚಿತು. ಸ್ಯಾನ್ ಹೋಸೆ ರೆಪರ್ಟರಿ ಥಿಯೇಟರ್ 2014ರ ಜೂನ್‌ನಲ್ಲಿ ಮುಚ್ಚಿತು. ಬ್ಯಾಲೆ ಕಂಪನಿ 2016ರಲ್ಲಿ. ಇವೆಲ್ಲ ಇದೇ ಊರು, ಇದೇ ಸಿಲಿಕಾನ್ ವ್ಯಾಲಿ. ಒಪೆರಾ ಉಳಿಯಿತು. ಎಲ್ಲ ಕಲೆಗಳಲ್ಲಿ ಅತಿ ದುಬಾರಿ ಒಪೆರಾ. ವಾದ್ಯವೃಂದ, ಕೋರಸ್, ಸೆಟ್, ವೇಷಭೂಷಣ ಎಲ್ಲ ಬೇಕು. ಅದೇ ಉಳಿಯಿತು!

ಯಾಕೆ ಉಳಿಯಿತು? ದಾನಿ ಬಂದದ್ದು 20 ವರ್ಷದ ಕೆಲಸ ಕಣ್ಣಿಗೆ ಕಂಡ ಮೇಲೆ. ಕೈಗೆ ಮೀರಿ ಖರ್ಚು ಮಾಡಲಿಲ್ಲ, ಚಿಕ್ಕ ಜಾಗದಲ್ಲಿ ಚಿಕ್ಕದಾಗಿಯೇ ನಡೆಸಿದರು. ಇನ್ನೊಂದು ಕಾರಣ ನಾನೇ ಊಹಿಸಿದ್ದು. ವರ್ಷಪೂರ್ತಿ ಅದೇ ಹಾಡುಗಾರರು ಊರಲ್ಲಿದ್ದರೆ ಜನರಿಗೆ ಅವರು ನಮ್ಮವರು ಅನ್ನಿಸುತ್ತದೆ. ಸೆಪ್ಟೆಂಬರ್‌ನಲ್ಲಿ ತಡಬಡಾಯಿಸಿದ ಹುಡುಗ ಏಪ್ರಿಲ್‌ನಲ್ಲಿ ನಿಂತು ಹಾಡುವುದನ್ನು ಜನ ನೋಡುತ್ತಾರೆ. ಮುಂದಿನ ವರ್ಷ ಹೇಗೆ ಹಾಡುತ್ತಾನೋ ನೋಡೋಣ ಅಂತ ಮತ್ತೆ ಟಿಕೆಟ್ ತೆಗೆದುಕೊಳ್ಳುತ್ತಾರೆ. ಸ್ಟಾರ್ ಬಂದು ಹೋದರೆ ಒಂದು ಸಂಜೆ ತುಂಬುತ್ತದೆ, ಅಷ್ಟೇ.

ಡಾಲಿಸ್ 2014ರ ಜೂನ್‌ವರೆಗೂ ಕಂಪನಿಯ ಮುಖ್ಯಸ್ಥೆಯಾಗಿದ್ದರು. ಆಗ 88 ವರ್ಷ. ಅದೇ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅವರ ನಂತರ, ಕಂಪನಿಯಲ್ಲಿ ಬಹಳ ಕಾಲ ಜೊತೆಗೆ ದುಡಿದ ಲ್ಯಾರಿ ಹ್ಯಾನ್ಕಾಕ್ ನಡೆಸಿದರು. 2019ರಲ್ಲಿ ಕೋರಿ ದಸ್ತೂರ್ ಬಂದರು. ದಸ್ತೂರ್ ಹಿಂದೆ ಇದೇ ಕಂಪನಿಯಲ್ಲಿ ವರ್ಷದ ಒಪ್ಪಂದದ ಮೇಲೆ ಹಾಡುತ್ತಿದ್ದ ಸೊಪ್ರಾನೊ, ಅಂದರೆ ಮೇಲಿನ ದನಿಯ ಹಾಡುಗಾರ್ತಿ! ಮುಂದೆ ಆಕೆಯನ್ನು ಹ್ಯೂಸ್ಟನ್ ಗ್ರ್ಯಾಂಡ್ ಒಪೆರಾ ಕರೆದುಕೊಂಡಿತು. ಅಮೆರಿಕದ ದೊಡ್ಡ ಒಪೆರಾಗಳಲ್ಲಿ ಅದು ಒಂದು. ಡಾಲಿಸ್ ಹಾಡುಗಾರರನ್ನು ಮಾತ್ರ ತಯಾರು ಮಾಡಲಿಲ್ಲ, ಕಂಪನಿ ನಡೆಸಬಲ್ಲವರನ್ನೂ ತಯಾರು ಮಾಡಿದರು ಅಂತ ನಾನು ಹೇಳುವುದು ಇದಕ್ಕೇ. ಸಂಸ್ಥೆ ಕಟ್ಟಿದವರು ಹೋದ ಮೇಲೆ ಸಂಸ್ಥೆಯೂ ಹೋಗುವುದನ್ನು ನಾವು ಎಷ್ಟು ನೋಡಿಲ್ಲ?

ಇದನ್ನೆಲ್ಲ ಕನ್ನಡದಲ್ಲಿ ಯಾಕೆ ಬರೆಯುತ್ತಿದ್ದೇನೆ ಅಂದರೆ, ಈ ಪದ್ಧತಿ ನಮಗೆ ಹೊಸದಲ್ಲ. ಗುಬ್ಬಿ ಕಂಪನಿಯಲ್ಲಿ ನಟರ ಊಟ, ವಸತಿ, ಸಂಬಳ ಎಲ್ಲ ಕಂಪನಿಯದೇ ಆಗಿತ್ತು. ಅಲ್ಲಿ ಬೆಳೆದ ಹುಡುಗರು ಮುಂದೆ ಕನ್ನಡ ಸಿನಿಮಾವನ್ನೇ ಹೊತ್ತು ನಿಂತರು. 1989ರಲ್ಲಿ ಮೈಸೂರಿನಲ್ಲಿ ಬಿ.ವಿ. ಕಾರಂತರು ರಂಗಾಯಣ ಶುರು ಮಾಡಿದಾಗಲೂ ಕಲಾವಿದರಿಗೆ ತಿಂಗಳ ಸಂಬಳ ಇತ್ತು. ಅವರು ನಾಟಕ ಬಿಟ್ಟು ಬೇರೆ ಏನೂ ಯೋಚಿಸಬೇಕಾಗಿರಲಿಲ್ಲ.

ಇಲ್ಲಿ ನಾವು ಏನು ಮಾಡುತ್ತಿದ್ದೇವೆ? ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಒಬ್ಬ ಹೆಸರಾಂತ ಗಾಯಕರನ್ನು ಕರೆಸುತ್ತೇವೆ. ಬಿಸಿನೆಸ್ ಕ್ಲಾಸ್ ಟಿಕೆಟ್, ಹೋಟೆಲ್, ಶಾಲು, ಹಾರ, ಫಲತಾಂಬೂಲ. ಒಂದು ಸಂಜೆ. ಅದರಲ್ಲಿ ತಪ್ಪೇನಿಲ್ಲ, ನಾನೂ ಮುಂದಿನ ಸಾಲಲ್ಲಿ ಕೂತು ಕೇಳಿದ್ದೇನೆ. ಆದರೆ ಇದೇ ಬೇ ಏರಿಯಾದಲ್ಲಿ ನಮ್ಮ ಮಕ್ಕಳಿಗೆ ವಾರವಾರ ಸುಗಮ ಸಂಗೀತ, ಯಕ್ಷಗಾನದ ಹೆಜ್ಜೆ, ನಾಟಕ ಕಲಿಸುವವರು ಇದ್ದಾರೆ. ಗ್ಯಾರೇಜಿನಲ್ಲಿ ಕಲಿಸುತ್ತಾರೆ. ಹಗಲು ಬೇರೆ ಕೆಲಸ ಮಾಡಿ, ರಾತ್ರಿ ಸುಸ್ತಾಗಿ ಕಲಿಸುತ್ತಾರೆ. ಅವರ ಒಂದು ತಿಂಗಳ ಬಾಡಿಗೆ ನಾವು ಕೊಟ್ಟಿದ್ದೇವಾ? ಅವರಿಗೆ ವರ್ಷಕ್ಕೆ ನಾಲ್ಕು ಸಲವಾದರೂ ಸರಿಯಾದ ವೇದಿಕೆ, ಸರಿಯಾದ ದುಡ್ಡು ಸಿಗುತ್ತಿದೆಯಾ? ಪುಕ್ಕಟೆ ಮಾಡಿಕೊಡಿ, ನಮ್ಮವರೇ ಅಲ್ವಾ ಅನ್ನುವ ಮಾತು ಕೇಳಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ಹಾಗಾಗಿ ನಾಡಿನ ಹೊರಗೆ ಕನ್ನಡ ಸಂಘ ನಡೆಸುವ ಗೆಳೆಯರಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ವರ್ಷದ ಬಜೆಟ್‌ಗೆ ಕೂರುವಾಗ ಅತಿಥಿ ಕಲಾವಿದರ ಖರ್ಚಿನ ಕೆಳಗೆ ಇನ್ನೊಂದು ಸಾಲು ಸೇರಿಸಿ. ಊರಲ್ಲೇ ಇರುವ ಒಬ್ಬ ಕಲಾವಿದರನ್ನು ಆರಿಸಿ. ಒಂದು ವರ್ಷ ಅವರಿಗೆ ತಿಂಗಳ ಗೌರವಧನ ಕೊಡಿ. ಕಲಿಸೋಕೆ ಗ್ಯಾರೇಜ್ ಬದಲು ಒಂದು ಹಾಲ್ ಹಿಡಿದುಕೊಡಿ. ಜೊತೆಗೆ ನಾಲ್ಕು ಪೂರ್ತಿ ಕಾರ್ಯಕ್ರಮಗಳನ್ನು ಅವರ ಹೆಸರಲ್ಲೇ ಇಟ್ಟುಕೊಳ್ಳಿ. ಒಬ್ಬರೇ ಸಾಕು, ಮೊದಲ ವರ್ಷಕ್ಕೆ. ನನ್ನ ಪಾಲಿನ ಚೆಕ್ ನಾನು ಬರೆಯುತ್ತೇನೆ. ಜೊತೆಗೆ ಸೇರುವವರು ಇದ್ದರೆ ಮೆಸೆಂಜರ್‌ನಲ್ಲಿ ಒಂದು ಮಾತು ಹಾಕಿ, ಕೂತು ಮಾತಾಡೋಣ.